ಪ್ರವಾಸದ ಮೊದಲ ರಾತ್ರಿಯ ಊಟ ಮತ್ತು ನಮ್ಮ ಊರುಗಳ ಹೋಟೆಲು ವ್ಯಾಪಾರ

ಬೇಸಿಗೆಯ ರಜೆಯಲ್ಲೂ ದಸರಾ ರಜೆಯಲ್ಲೂ ಕಡೂರು ಹಾಗೂ ತರೀಕೆರೆಯ ಮುಖ್ಯರಸ್ತೆಗಳಲ್ಲಿ ಹೊರ ಊರುಗಳ ವಾಹನಗಳು ಹೆಚ್ಚುವುದನ್ನು ನಮ್ಮ ವರ್ತಕ ಬಂಧುಗಳೆಲ್ಲರೂ ಬಲ್ಲರು. ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ, ಬಾಬಾಬುಡನ್‌ಗಿರಿ, ಲಕ್ಕವಳ್ಳಿಯ ಭದ್ರಾ ಜಲಾಶಯ, ಅಮೃತಾಪುರದ ದೇವಾಲಯ ಇವುಗಳನ್ನು ನೋಡಹೊರಟ ಕುಟುಂಬಗಳಲ್ಲಿ ಅನೇಕವು ನಮ್ಮ ಊರುಗಳನ್ನು ಹಾದೇ ಹೋಗುತ್ತವೆ. 2013ರ ನವೆಂಬರಿನಲ್ಲಿ ಕಡೂರು–ಚಿಕ್ಕಮಗಳೂರು ರೈಲುಮಾರ್ಗ ಆರಂಭವಾಯಿತಾದರೂ, ಹುಬ್ಬಳ್ಳಿ–ಬೆಂಗಳೂರು ಮಾರ್ಗದ ರೈಲುಗಳಿಂದ ಕಡೂರು, ಬೀರೂರಿನಲ್ಲಿ ಇಳಿದು ಬಾಡಿಗೆ ಕಾರು ಹಿಡಿಯುವವರು ಇಂದಿಗೂ ಇದ್ದಾರೆ. ಇವರು ನಮ್ಮಲ್ಲಿ ಪೆಟ್ರೋಲು ಹಾಕಿಸುತ್ತಾರೆ, ನೀರಿನ ಬಾಟಲಿ ಕೊಳ್ಳುತ್ತಾರೆ, ಮಕ್ಕಳಿಗೆ ಒಂದೆರಡು ಬಿಸ್ಕತ್ತಿನ ಪೊಟ್ಟಣ ಕೊಡಿಸುತ್ತಾರೆ. ಆದರೆ ರಾತ್ರಿಯ ಊಟಕ್ಕೆ ಮಾತ್ರ ಚಿಕ್ಕಮಗಳೂರನ್ನೋ ಶಿವಮೊಗ್ಗವನ್ನೋ ನೆಚ್ಚಿಕೊಂಡು ಮುಂದಕ್ಕೆ ಸಾಗುತ್ತಾರೆ. ಕುಟುಂಬವೊಂದರ ಪ್ರವಾಸದಲ್ಲಿ ಮೊದಲ ದಿನ ಕೈಯಿಂದ ಹೊರಬೀಳುವ ಮುಖ್ಯ ಮೊತ್ತವೇ ಆ ಊಟದ್ದು.

ಇದಕ್ಕೆ ನಮ್ಮ ಹೋಟೆಲುಗಳ ರುಚಿಯಾಗಲಿ ದರವಾಗಲಿ ಕಾರಣವಲ್ಲವೆಂಬುದು ನನ್ನ ಅಭಿಪ್ರಾಯ. ಹೋಟೆಲನ್ನು ಆಯ್ಕೆ ಮಾಡುವವರು ಯಾರೆಂಬುದನ್ನು ನಾವು ಸರಿಯಾಗಿ ಗ್ರಹಿಸಿಲ್ಲ. ಹಣ ಕೊಡುವ ಯಜಮಾನರು ಆಯ್ಕೆ ಮಾಡುತ್ತಾರೆಂದು ಗಲ್ಲಾದಲ್ಲಿ ಕುಳಿತವರು ಭಾವಿಸುತ್ತಾರೆ. ವಾಸ್ತವದಲ್ಲಿ ಆಯ್ಕೆ ಮಾಡುವುದು, ಆ ಕುಟುಂಬದಲ್ಲಿ ಊಟಕ್ಕೆ ಅತಿ ಹೆಚ್ಚು ತಕರಾರು ಮಾಡುವ ವ್ಯಕ್ತಿ. ಪಾಲುದಾರಿಕೆ ಸಂಸ್ಥೆಯ ಕೆಲವು ದಸ್ತಾವೇಜುಗಳಿಗೆ ಎಲ್ಲ ಪಾಲುದಾರರ ರುಜು ಬೇಕಾಗುವಂತೆ, ಆರು ಜನರ ಕುಟುಂಬದಲ್ಲಿ ಐವರು ಒಪ್ಪಿ ಒಬ್ಬರು ಒಪ್ಪದಿದ್ದರೆ ಆರು ಮಂದಿಯೂ ಎದ್ದು ಹೋಗುತ್ತಾರೆ. ಆ ಒಬ್ಬರು ಐದು ವರ್ಷದ ಮಗುವಾಗಿರಬಹುದು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಅಜ್ಜಿಯಾಗಿರಬಹುದು, ಸಕ್ಕರೆ ಕಾಯಿಲೆಯ ಅಜ್ಜನವರಾಗಿರಬಹುದು, ಗಡ್ಡೆಗೆಣಸನ್ನು ವರ್ಜಿಸಿ ಸೂರ್ಯಾಸ್ತದ ನಂತರ ಉಣ್ಣದ ಜೈನ ಹಿರಿಯರಾಗಿರಬಹುದು, ಗೋಬಿ ಮಂಚೂರಿಯ ಹೊರತು ಬೇರೇನೂ ಬೇಡವೆನ್ನುವ ಹೈಸ್ಕೂಲು ಹುಡುಗನೂ ಆಗಿರಬಹುದು.

ಮಕ್ಕಳ ತಕರಾರನ್ನು ಹಟವೆಂದೋ ಮುದ್ದಿನ ಫಲವೆಂದೋ ತಳ್ಳಿಹಾಕುವುದು ನಮ್ಮಲ್ಲಿ ರೂಢಿ. ಸುಮಾರು ಎರಡರಿಂದ ಆರು ವರ್ಷದ ಮಕ್ಕಳು ಪರಿಚಯವಿಲ್ಲದ ಆಹಾರವನ್ನು ಕಂಡು ಹಿಂಜರಿಯುವುದು ಬೆಳವಣಿಗೆಯ ಸಹಜ ಘಟ್ಟವೆಂದು ಮಕ್ಕಳ ಆಹಾರವನ್ನು ಅಭ್ಯಸಿಸಿದವರು ಹೇಳುತ್ತಾರೆ. ಒತ್ತಾಯವಿಲ್ಲದೆ ಹಲವು ಬಾರಿ, ಕೆಲವೊಮ್ಮೆ ಹತ್ತಕ್ಕೂ ಹೆಚ್ಚು ಬಾರಿ, ಎದುರಿಗಿಟ್ಟ ಮೇಲೆಯೇ ಮಗು ಹೊಸ ಪದಾರ್ಥಕ್ಕೆ ಒಗ್ಗಿಕೊಳ್ಳುತ್ತದೆ. ಇಂತಹ ಮಗುವಿಗೆ ಪ್ರವಾಸದ ಮೊದಲ ರಾತ್ರಿಯಷ್ಟು ಪ್ರತಿಕೂಲವಾದ ಹೊತ್ತು ಬೇರೊಂದಿಲ್ಲ. ಇಡೀ ದಿನ ಕಾರಿನಲ್ಲೋ ರೈಲಿನಲ್ಲೋ ಕುಳಿತ ಆಯಾಸ, ಹೊತ್ತು ಮೀರಿದ ಹಸಿವು, ಗುರುತಿಲ್ಲದ ಊರು, ಅಪರಿಚಿತ ಮುಖಗಳು. ಅದರ ಮೇಲೆ ತಟ್ಟೆಯಲ್ಲಿ ಕೆಂಪಗೆ ಎಣ್ಣೆ ತೇಲುವ ಪಲ್ಯ ಬಂದು ಕುಳಿತರೆ ಮಗು ಅಳದೆ ಇನ್ನೇನು ಮಾಡೀತು?

ನಮ್ಮ ಓದುಗರಲ್ಲಿ ಹೋಟೆಲು ಮಾಲೀಕರಿಗಿಂತ ಕುಟುಂಬ ಸಮೇತ ಪ್ರವಾಸ ಹೋಗುವವರೇ ಹೆಚ್ಚಾಗಿರುವುದರಿಂದ ಮೊದಲು ಅವರ ಕಡೆಯ ಮಾತನ್ನು ಹೇಳಿಬಿಡುತ್ತೇನೆ. ಮೊದಲ ರಾತ್ರಿಗೆ ಊರಿನ ಹೆಸರಾಂತ ಹೋಟೆಲನ್ನು ಹುಡುಕಿಕೊಂಡು ಅಲೆಯಬಾರದು. ಹೆಸರಾಂತ ಕಡೆ ಕಾಯಬೇಕಾಗುತ್ತದೆ, ಮತ್ತು ಹಸಿದ ಮಗುವಿಗೆ ಅರ್ಧ ಗಂಟೆಯೆಂದರೆ ಒಂದು ಯುಗ. ವಸತಿಗೆ ಹತ್ತಿರವಿರುವ, ಅನ್ನ, ತಿಳಿಸಾರು, ಮೊಸರು, ಸಾದಾ ದೋಸೆ ಸಿಗುವ ಜಾಗವೇ ಆ ರಾತ್ರಿಗೆ ಉತ್ತಮ. ಅಕ್ಕಿ ರೊಟ್ಟಿ, ಕಡುಬು, ಕಳಲೆ ಪಲ್ಯ ಮುಂತಾದ ಮಲೆನಾಡಿನ ವಿಶೇಷಗಳನ್ನು ಎರಡನೆಯ ದಿನದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು. ಅಷ್ಟು ಹೊತ್ತಿಗೆ ಮಕ್ಕಳು ನಿದ್ದೆ ಮಾಡಿ ಎದ್ದು, ಊರಿಗೆ ಒಗ್ಗಿ, ದೊಡ್ಡವರ ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗಿಡುವ ಧೈರ್ಯ ಮಾಡಿರುತ್ತಾರೆ.

ಇನ್ನೊಂದು ಮಾತು, ಇದು ನಮ್ಮ ಭೂಗೋಳಕ್ಕೇ ಸಂಬಂಧಿಸಿದ್ದು. ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವ ಹಾದಿ ಕೊನೆಯಲ್ಲಿ ತಿರುವುಗಳ ಘಾಟಿ. ಮೇಲೆ ಊಟದ ಆಯ್ಕೆ ಬಹು ಪರಿಮಿತ. ಹೋಂಸ್ಟೇಗಳಲ್ಲಿ ಅಡುಗೆ ರುಚಿಕರವಾಗಿದ್ದರೂ ಅಂದಿನ ಅಡುಗೆ ಅಂದಿಗೆ ನಿಗದಿಯಾಗಿರುತ್ತದೆ. ತಡವಾಗಿ ತಲುಪಿ ಸಪ್ಪೆ ಅನ್ನ ಕೇಳಿದರೆ ಪಾಪ, ಮನೆಯವರಾದರೂ ಏನು ಮಾಡಿಯಾರು! ಆದ್ದರಿಂದ ಮಕ್ಕಳು, ವೃದ್ಧರು ಜೊತೆಗಿರುವ ಕುಟುಂಬವು ಬೆಟ್ಟ ಹತ್ತುವ ಮುನ್ನ ಬಯಲಿನಲ್ಲೇ ಬೇಗನೆ ಹಗುರವಾಗಿ ಉಂಡು, ಅರ್ಧ ಗಂಟೆ ಸುಧಾರಿಸಿಕೊಂಡು ಹೊರಡುವುದು ಲೇಸು. ಉಂಡ ತಕ್ಷಣ ತಿರುವುಗಳಲ್ಲಿ ಹೊರಟರೆ ಏನಾಗುತ್ತದೆಂಬುದನ್ನು ಕಾರಿನ ಹಿಂದಿನ ಸೀಟನ್ನು ತೊಳೆದವರು ಬಲ್ಲರು. ಸಂಜೆ ನಾಲ್ಕೈದು ಗಂಟೆಗೆ ಹೋಟೆಲಿಗೆ ದೂರವಾಣಿ ಮಾಡಿ, ಅಡುಗೆಮನೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಖಾರವಿಲ್ಲದ್ದು ಏನು ಸಿಗುತ್ತದೆ ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕುಳಿತ ಕೂಡಲೇ ಮಕ್ಕಳದ್ದನ್ನು ಮೊದಲು ತರಿಸಿ, ದೊಡ್ಡವರದು ಆಮೇಲೆ.

ಈ ಕುಟುಂಬ ನಿಲ್ಲಬೇಕಾದ ಜಾಗ ಕಡೂರು, ತರೀಕೆರೆಗಳೇ ಅಲ್ಲವೇ? ಚಿಕ್ಕಮಗಳೂರು ಕಡೂರಿನಿಂದ ಸುಮಾರು 40 ಕಿಲೋಮೀಟರು. ಸಂಜೆ ಏಳು ಗಂಟೆಗೆ ಕಡೂರಿನಲ್ಲಿರುವ ಹಸಿದ ಮಗುವಿಗೆ ಅಲ್ಲಿ ತಟ್ಟೆ ಮುಂದೆ ಬರುವಾಗ ಎಂಟೂವರೆಯಾದರೂ ಆಗುತ್ತದೆ. ಅನುಕೂಲವೆಲ್ಲ ನಮ್ಮ ಪಾಲಿಗಿದ್ದೂ ವ್ಯಾಪಾರ ನಮ್ಮದಾಗದಿರುವುದಕ್ಕೆ ಕಾರಣ ನಮ್ಮ ಗೋಡೆಗಳ ಮೇಲೆಯೇ ಬರೆದಿದೆ: ‘ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ.’ ಮಾಲೀಕರ ಕಷ್ಟ ನನಗೆ ಅರ್ಥವಾಗುತ್ತದೆ. ಹೊಟ್ಟೆ ತುಂಬ ಬಡಿಸುವ ಊಟದಲ್ಲಿ ಒಬ್ಬರ ಹಣಕ್ಕೆ ಇಬ್ಬರು ಉಂಡರೆ ನಷ್ಟವೇ ಸರಿ. ಆದರೆ ನಾಲ್ಕು ತುತ್ತು ತಿನ್ನುವ ಮಗುವಿಗೆ ಪೂರ್ಣ ಊಟದ ಚೀಟಿ ಹರಿಯಬೇಕೆಂದರೆ ತಂದೆಯಾದವನು ಬೋರ್ಡನ್ನು ಓದಿ ಹೊಸ್ತಿಲಿನಿಂದಲೇ ಹಿಂದಿರುಗುತ್ತಾನೆ.

ಇದಕ್ಕೆ ಪರಿಹಾರ ಅರ್ಧ ಊಟ. ಅರ್ಧ ಊಟವೆಂದರೆ ಅರ್ಧ ದರವಲ್ಲ. ಇಲ್ಲಿಯೇ ಅನೇಕ ಮಾಲೀಕರು ಲೆಕ್ಕ ತಪ್ಪುವುದು. ಉದಾಹರಣೆಗಾಗಿ, ತೆರಿಗೆಯನ್ನು ಬದಿಗಿಟ್ಟು, ಪೂರ್ಣ ಊಟದ ದರ 120 ರೂಪಾಯಿ, ಅದಕ್ಕೆ ತಗಲುವ ದಿನಸಿ, ತರಕಾರಿ, ಎಣ್ಣೆಗಳ ವೆಚ್ಚ 50 ರೂಪಾಯಿ ಎಂದು ಹಿಡಿಯೋಣ. ಬಾಡಿಗೆ, ಸಂಬಳ, ವಿದ್ಯುತ್ತಿಗೆ ಉಳಿಯುವುದು 70. ಅರ್ಧ ಊಟಕ್ಕೆ ಪದಾರ್ಥದ ವೆಚ್ಚ 25 ಆಗುತ್ತದೆ. ಆದರೆ ಬಡಿಸುವ ಶ್ರಮ, ಎಲೆ, ಮೇಜು ಅರ್ಧವಾಗುವುದಿಲ್ಲ. ಹೀಗಾಗಿ ದರ 60 ಅಲ್ಲ, 75 ಇರಬೇಕು. ಆಗ ಉಳಿಯುವುದು 50. ನಾಲ್ವರು ದೊಡ್ಡವರು, ಇಬ್ಬರು ಮಕ್ಕಳ ಕುಟುಂಬದಿಂದ ಒಟ್ಟು ಉಳಿಕೆ 380 ರೂಪಾಯಿ. ಆರೂ ಪೂರ್ಣ ಊಟವಾಗಿದ್ದರೆ 420 ಆಗುತ್ತಿತ್ತೆಂದು ಮಾಲೀಕರು ಆ 40 ರೂಪಾಯಿಗಾಗಿ ಹಂಬಲಿಸುತ್ತಾರೆ. ಕುಟುಂಬವು ಎದ್ದು ಹೋದಾಗಿನ ಉಳಿಕೆ ಸೊನ್ನೆ ಎಂಬುದು ಯಾವ ಖಾತೆಯಲ್ಲೂ ನಮೂದಾಗುವುದಿಲ್ಲವಾದ್ದರಿಂದ ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬಾಡಿಗೆಯೂ ಸಂಬಳವೂ ಆ ಮೇಜು ತುಂಬಿದರೂ ಖಾಲಿಯಿದ್ದರೂ ಅಷ್ಟೇ. ದಿನಕ್ಕೆ ಇಂತಹ ಎರಡು ಕುಟುಂಬ, ವರ್ಷದ ರಜೆಯ 60 ದಿನವೆಂದರೂ 45,600 ರೂಪಾಯಿ ಕೈಬಿಟ್ಟಂತಾಯಿತು. ಸಣ್ಣ ಹೋಟೆಲಿಗೆ ಇದು ಸಣ್ಣ ಮೊತ್ತವಲ್ಲ.

ಹೋಟೆಲುಗಳಲ್ಲಿ ಬಡಿಸುವ ಪ್ರಮಾಣದ ಬಗ್ಗೆ 2017ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವರಾಗಿದ್ದ ರಾಮ್ ವಿಲಾಸ್ ಪಾಸ್ವಾನ್ ಅವರು, ಆಹಾರ ಪೋಲಾಗುವುದನ್ನು ತಡೆಯಲೆಂದು, ಪ್ರಸ್ತಾಪ ಮಾಡಿದ್ದರು. ದೆಹಲಿಯಿಂದ ತಟ್ಟೆ ಅಳೆಯುವುದು ನನಗೆ ಸಮ್ಮತವಲ್ಲ. ಆದರೆ ನಿಯಮ ಬರುವ ಮುನ್ನ ನಾವಾಗಿಯೇ ಮಾಡಿಕೊಂಡರೆ ಅದು ವ್ಯಾಪಾರದ ಜಾಣ್ಮೆ.

ಎರಡನೆಯ ವಿಷಯ ನಂಬಿಕೆಯದು. ‘ಖಾರ ಇದೆಯೇನಪ್ಪಾ?’ ಎಂದು ಕೇಳಿದರೆ ನಮ್ಮ ಸಪ್ಲೈಯರುಗಳು ‘ಏನೂ ಇಲ್ಲ ಸಾರ್’ ಎನ್ನುವುದು ಬಾಯಿಪಾಠ. ಒಂದು ತುತ್ತಿಗೆ ಮಗು ಕಣ್ಣೀರು ಹಾಕಿದ ಮೇಲೆ ಆ ಕುಟುಂಬ ಮತ್ತೆ ಆ ಹೋಟೆಲಿಗೆ ಬರುವುದಿಲ್ಲ. ನನ್ನ ಪರಿಚಿತ ಮಾಲೀಕರೊಬ್ಬರು ಸಂಜೆ ಬೇಳೆ ಬೆಂದ ಕೂಡಲೇ, ಖಾರದ ಪುಡಿ ಹಾಕುವ ಮುನ್ನ, ಉಪ್ಪು ತುಪ್ಪ ಮಾತ್ರ ಹಾಕಿದ ಒಂದು ಚಿಕ್ಕ ಪಾತ್ರೆ ತೊವ್ವೆಯನ್ನು ಪ್ರತ್ಯೇಕವಾಗಿ ತೆಗೆದಿಡುತ್ತಾರೆ. ಖರ್ಚೇನೂ ಇಲ್ಲ, ಉಳಿದರೆ ಮರುದಿನಕ್ಕೆ ಇಡದೆ ಆ ರಾತ್ರಿಯೇ ಸಾಂಬಾರಿಗೆ ಸೇರುತ್ತದೆ. ಈರುಳ್ಳಿ ಬೆಳ್ಳುಳ್ಳಿಯ ವಿಷಯದಲ್ಲೂ ಇದೇ ಮಾತು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ನೇರವಾಗಿ ಹೇಳಬೇಕು. ‘ನಮ್ಮಲ್ಲಿ ಎಲ್ಲದಕ್ಕೂ ಬೆಳ್ಳುಳ್ಳಿ ಹಾಕುತ್ತೇವೆ, ನಿಮಗೆ ಮೊಸರನ್ನ ಕೊಡಬಲ್ಲೆವು’ ಎಂದ ಹೋಟೆಲಿನಲ್ಲಿ ಅಜ್ಜಿ ಸಂತೋಷದಿಂದ ಕುಳಿತುಕೊಳ್ಳುತ್ತಾರೆ. ದಸರಾ ಹೊತ್ತಿಗೆ ಸೂರ್ಯ ಆರು ಗಂಟೆಯ ಆಸುಪಾಸಿಗೆ ಮುಳುಗುವುದರಿಂದ, ಜೈನ ಕುಟುಂಬಗಳಿಗೆ ಐದೂವರೆಗೇ ಬಿಸಿ ಅನ್ನ ದೊರೆಯುವುದು ಎಷ್ಟು ದೊಡ್ಡ ಉಪಕಾರವೆಂಬುದನ್ನು ಯೋಚಿಸಿ. ಇನ್ನು ಗೋಬಿ ಮಂಚೂರಿ: ಅದಕ್ಕೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದೆ. ಬಣ್ಣವಿಲ್ಲದ ಗೋಬಿಯನ್ನೇ ಮಾಡುತ್ತೇವೆಂದು ಬೋರ್ಡಿನಲ್ಲಿ ಬರೆದರೆ ಹುಡುಗನೂ ಒಪ್ಪುತ್ತಾನೆ, ಅವನ ತಾಯಿಯೂ ಒಪ್ಪುತ್ತಾರೆ.

ಉಡುಪಿಯ ಹೋಟೆಲುಗಳವರು ದೇಶದಾದ್ಯಂತ ಬೇರೂರಿದ್ದು ಇಂತಹ ನಂಬಿಕೆಯಿಂದಲೇ. ಮುಂಬಯಿಯ ಮಾತುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದಕ್ಕೆ ನಿದರ್ಶನ. ಪರಊರಿನಲ್ಲಿ ಇಳಿದವನಿಗೆ, ಒಳಗೆ ಏನು ಸಿಗುತ್ತದೆಂಬುದು ಬಾಗಿಲಿನಲ್ಲಿಯೇ ಗೊತ್ತಿರುತ್ತಿತ್ತು.

ಬಿಲ್ಲಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ಅಪಚಾರ. ಕಾಂಪೊಸಿಷನ್ ಪದ್ಧತಿಯಲ್ಲಿರುವ, ಅಂದರೆ ಹಿಂದಿನ ವರ್ಷದ ವಹಿವಾಟು ಒಂದೂವರೆ ಕೋಟಿ ರೂಪಾಯಿ ಮೀರದ, ಮದ್ಯ ಸರಬರಾಜು ಮಾಡದ ಹೋಟೆಲುಗಳು ವಹಿವಾಟಿನ ಮೇಲೆ ಶೇ. 5ರಷ್ಟು ತೆರಿಗೆಯನ್ನು ತಾವೇ ಭರಿಸಬೇಕು, ಗ್ರಾಹಕರಿಂದ ಜಿ.ಎಸ್.ಟಿ. ವಸೂಲು ಮಾಡುವಂತಿಲ್ಲ. ಸಾಮಾನ್ಯ ಪದ್ಧತಿಯಲ್ಲಿರುವ ಊಟದ ಹೋಟೆಲುಗಳು ಶೇ. 5 ವಸೂಲು ಮಾಡಬಹುದು, ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಆದ್ದರಿಂದ ಅರ್ಧ ಊಟದ ದರ ನಿಗದಿಪಡಿಸುವಾಗ ತಾವು ಯಾವ ಪದ್ಧತಿಯಲ್ಲಿದ್ದೀರೆಂಬುದನ್ನು ನೋಡಿಕೊಳ್ಳಿ. ಬೋರ್ಡಿನಲ್ಲಿ 75 ಎಂದು ಬರೆದು ಬಿಲ್ಲಿನಲ್ಲಿ ಬೇರೇನೋ ಸೇರಿಸಿದರೆ, ಊಟ ಚೆನ್ನಾಗಿತ್ತೆಂಬ ನೆನಪು ಆ ಮೂರು ರೂಪಾಯಿ ಮುಕ್ಕಾಲಿನಲ್ಲಿ ಕೊಚ್ಚಿಹೋಗುತ್ತದೆ.

‘ಪ್ರವಾಸಿಗರು ಎರಡು ತಿಂಗಳು ಬಂದು ಹೋಗುವವರು, ನಮ್ಮನ್ನು ಸಾಕುವವರು ಎ.ಪಿ.ಎಂ.ಸಿ.ಗೆ ಬರುವ ರೈತರು, ಲಾರಿಯವರು, ಕಚೇರಿಯವರು’ ಎಂದು ಕೆಲವು ಮಾಲೀಕರು ಆಕ್ಷೇಪಿಸಿಯಾರು. ಅದು ನಿಜ. ಅವರ ಮುದ್ದೆ ಸಾರನ್ನು ಬದಲಿಸಬೇಕೆಂದು ಯಾರೂ ಹೇಳುತ್ತಿಲ್ಲ. ಅರ್ಧ ಊಟ ಕಚೇರಿಯ ಸಕ್ಕರೆ ಕಾಯಿಲೆಯವರಿಗೂ ಬೇಕು, ಖಾರವಿಲ್ಲದ ತೊವ್ವೆ ಆಸ್ಪತ್ರೆಗೆ ಬಂದ ಹಳ್ಳಿಯವರಿಗೂ ಬೇಕು. ಹೊಸ ಬಂಡವಾಳ ಬೇಡದ ಬದಲಾವಣೆಗೆ ಋತುವಿನ ನೆಪ ಒಡ್ಡುವುದು ಸರಿಯಲ್ಲ.

ಅಜ್ಜಂಪುರದ ಸ್ಥಿತಿ ಕೊಂಚ ಭಿನ್ನ. ತರೀಕೆರೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದರೂ ಬೆಟ್ಟದ ಪ್ರವಾಸಿಗರ ಹಾದಿ ಅದಲ್ಲ. ಅಲ್ಲಿಗೆ ಬರುವವರು ಈರುಳ್ಳಿ ವ್ಯಾಪಾರದವರು, ಅಮೃತಮಹಲ್ ರಾಸುಗಳ ತಳಿ ಕೇಂದ್ರ ನೋಡಬಯಸುವವರು, ರಜೆಗೆ ಅಜ್ಜನ ಮನೆಗೆಂದು ಬೀರೂರು–ಚಿಕ್ಕಜಾಜೂರು ಮಾರ್ಗದ ರೈಲಿನಲ್ಲಿ ಇಳಿಯುವ ನೆಂಟರು. ನೆಂಟರ ಮಕ್ಕಳು ಮನೆಯಲ್ಲಿಯೇ ಉಣ್ಣುತ್ತಾರೆ ನಿಜ. ಆದರೆ ರೈಲು ತಡವಾದ ರಾತ್ರಿ ನಿಲ್ದಾಣದ ಬಳಿ ಬಿಸಿ ಹಾಲು, ಎರಡು ಇಡ್ಲಿ ಸಿಕ್ಕರೆ ಅಷ್ಟೇ ಸಾಕು. ಅಲ್ಲಿ ದೊಡ್ಡ ಯೋಜನೆಗಳ ಅಗತ್ಯವಿಲ್ಲ.

ನಮ್ಮ ಸಂಸ್ಥೆಯು ಮಾಡಬಹುದಾದ ಕೆಲಸವೊಂದಿದೆ. ಮೂರೂ ಊರುಗಳ ಇಚ್ಛೆಯುಳ್ಳ ಹೋಟೆಲುಗಳ ಮಾಹಿತಿಯನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಪೆಟ್ರೋಲ್ ಬಂಕು, ರೈಲು ನಿಲ್ದಾಣದ ಬಳಿಯ ಟ್ಯಾಕ್ಸಿ ನಿಲ್ದಾಣ, ಲಾಡ್ಜುಗಳಲ್ಲಿ ಇಡಿಸಬೇಕು. ಹೋಟೆಲಿನ ಹೊಗಳಿಕೆ ಅದರಲ್ಲಿ ಬೇಡ. ಅರ್ಧ ಊಟ ಉಂಟೇ, ಖಾರವಿಲ್ಲದ್ದು ಏನು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಏನು, ಹೆಂಗಸರಿಗೆ ಶುಚಿಯಾದ ಶೌಚಾಲಯ ಉಂಟೇ, ದೂರವಾಣಿ ಸಂಖ್ಯೆ ಏನು ಎಂಬಷ್ಟೇ ಇರಲಿ. ಅಡುಗೆಮನೆ ಮುಚ್ಚುವ ಸಮಯವನ್ನು ಮಾತ್ರ ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕು, ಮತ್ತು ಹತ್ತು ಗಂಟೆಯೆಂದು ಬರೆಸಿದವರು ಒಂಬತ್ತೂಮುಕ್ಕಾಲಿಗೆ ಬಂದವರನ್ನು ‘ಆಯ್ತು ಸಾರ್, ಕ್ಲೋಸ್’ ಎಂದು ಕಳುಹಿಸಿದರೆ ಮುಂದಿನ ಮುದ್ರಣದಲ್ಲಿ ಅವರ ಹೆಸರನ್ನು ಕೈಬಿಡಬೇಕು.