ಹಂಗಾಮಿ ರಾಷ್ಟ್ರಪತಿ ಜತ್ತಿ
ಜಮಖಂಡಿ ಸಂಸ್ಥಾನದ ಆಡಳಿತದಲ್ಲಿ ಪಳಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರು, 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ಉಪರಾಷ್ಟ್ರಪತಿಯಾಗಿದ್ದುದರಿಂದ ದೆಹಲಿಯ ರಾಷ್ಟ್ರಪತಿ ಭವನದ ಹೊಣೆ ಹೊತ್ತರು. ಇಂಥದೇ ಸಂದರ್ಭದಲ್ಲಿ, 1841ರಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿಸನ್ ತೀರಿಕೊಂಡಾಗ, ಉಪಾಧ್ಯಕ್ಷ ಜಾನ್ ಟೈಲರ್ ಉಳಿದ ಅವಧಿಗೆಲ್ಲ ತಾವೇ ಪೂರ್ಣ ಅಧ್ಯಕ್ಷರೆಂದು ಸಾಧಿಸಿಕೊಂಡರು. ಭಾರತದ ಸಂವಿಧಾನವಾದರೋ ಆರು ತಿಂಗಳೊಳಗೆ ಚುನಾವಣೆ ನಡೆಸಬೇಕೆಂದು ವಿಧಿಸಿ, ಅಲ್ಲಿಯವರೆಗೆ ಮಾತ್ರ ಉಪರಾಷ್ಟ್ರಪತಿಗೆ ಹಂಗಾಮಿ, ಅಂದರೆ ತಾತ್ಕಾಲಿಕ, ಅಧಿಕಾರ ಕೊಡುತ್ತದೆ. ಈ ಹಂಗಾಮಿ ಅವಧಿಯಲ್ಲಿ, ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕೇಂದ್ರದ ಜನತಾ ಪಕ್ಷದ ಸರ್ಕಾರದ ಸಲಹೆಗೆ ತಕ್ಷಣ ಸಹಿ ಹಾಕದೆ ಯೋಚಿಸಿ, ಏಪ್ರಿಲ್ 30ರಂದು ಒಪ್ಪಿದ ಜತ್ತಿಯವರ ನಡೆಯನ್ನು ಹಟವೆನ್ನುವುದು ಅನ್ಯಾಯ, ಏಕೆಂದರೆ ಸಂಪುಟದ ಸಲಹೆಯನ್ನು ಕಡ್ಡಾಯಗೊಳಿಸಿದ ಸಂವಿಧಾನದ 42ನೆಯ ತಿದ್ದುಪಡಿ ಆಗಷ್ಟೇ ಜಾರಿಗೆ ಬಂದಿದ್ದರಿಂದ, ಆ ಹೊಸ ನಿಯಮದಡಿ ಯೋಚಿಸಿ ಹೆಜ್ಜೆಯಿಡುವುದು ಸಹಜವಾಗಿತ್ತು.