ಗಂಟುಗಳ ನಡುವೆ ಅಡಗುವ ಗಡ್ಡೆ

ಅಕ್ಟೋಬರ್ ಬಂತೆಂದರೆ ಸ್ತನ ಕ್ಯಾನ್ಸರ್ ಜಾಗೃತಿಯ ಜಾಥಾ, ಉಪನ್ಯಾಸ, ಶಿಬಿರಗಳ ಭರಾಟೆ. ‘ಗಂಟು ಕಂಡರೆ ನಿರ್ಲಕ್ಷಿಸಬೇಡಿ’ ಎಂಬುದೇ ಎಲ್ಲೆಡೆಯ ಘೋಷಣೆ. ಆದರೆ ಮೈತುಂಬ ಗಂಟುಗಳನ್ನು ಹೊತ್ತೇ ಬದುಕುತ್ತಿರುವ ಮಹಿಳೆ ಈ ಸಲಹೆಯನ್ನು ಪಾಲಿಸುವುದಾದರೂ ಹೇಗೆ?

ನ್ಯೂರೋಫೈಬ್ರೊಮಟೋಸಿಸ್-1 ಎಂಬ ಆನುವಂಶಿಕ ಕಾಯಿಲೆ ಎತ್ತುವ ಪ್ರಶ್ನೆ ಇದು. ಸುಮಾರು 3,000 ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುವ ಈ ಕಾಯಿಲೆಯನ್ನು ಜರ್ಮನಿಯ ವೈದ್ಯ ಫಾನ್ ರೆಕ್ಲಿಂಗ್‌ಹೌಸೆನ್ 1882ರಲ್ಲಿ ವಿವರಿಸಿದ್ದರು. ಇದಕ್ಕೆ ಕಾರಣವಾದ, 17ನೇ ವರ್ಣತಂತುವಿನಲ್ಲಿರುವ ಜೀನ್ ಪತ್ತೆಯಾದದ್ದು 1990ರಲ್ಲಿ. ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕಬೇಕಾದ ಈ ಜೀನ್ ಕೆಟ್ಟಾಗ ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆಗಳೂ ನರಗಳ ಗುಂಟ ಮೆತ್ತನೆಯ ಗಂಟುಗಳೂ ಮೂಡುತ್ತವೆ. ಅರ್ಧದಷ್ಟು ಪ್ರಕರಣಗಳಲ್ಲಿ ಕುಟುಂಬದ ಬೇರಾರಿಗೂ ಕಾಯಿಲೆ ಇರುವುದಿಲ್ಲ.

ಸ್ತನದ ಚರ್ಮದ ಮೇಲೆ, ವಿಶೇಷವಾಗಿ ತೊಟ್ಟಿನ ಸುತ್ತ, ಇಂಥ ಗಂಟುಗಳು ಏಳುವುದು ಸಾಮಾನ್ಯ. ಮ್ಯಾಮೊಗ್ರಾಂ ಚಿತ್ರದಲ್ಲಿ ಅವು ಅಂಚು ಸ್ಪಷ್ಟವಾದ ದುಂಡನೆಯ ಬಿಳಿ ಆಕೃತಿಗಳಾಗಿ ಕಾಣುತ್ತವೆ. ಚರ್ಮದಿಂದ ಉಬ್ಬಿದ ಗಂಟಿನ ಸುತ್ತ ಗಾಳಿ ಸಿಕ್ಕಿಕೊಳ್ಳುವುದರಿಂದ ಹಲವು ಬಾರಿ ಕಪ್ಪು ಅಂಚೊಂದು ಅದನ್ನು ಸುತ್ತುವರಿದಿರುತ್ತದೆ. ಇದು ಚರ್ಮದ ಗಂಟು ಎಂಬುದಕ್ಕೆ ಮುಖ್ಯ ಸುಳಿವು.

ಅಪಾಯವಿರುವುದು ಎರಡು ದಿಕ್ಕಿನಲ್ಲಿ. ನಿರುಪದ್ರವಿ ಗಂಟನ್ನು ಕ್ಯಾನ್ಸರ್ ಎಂದು ಶಂಕಿಸಿ ಅನಗತ್ಯ ಬಯಾಪ್ಸಿ ನಡೆಯಬಹುದು. ಅದಕ್ಕಿಂತ ಗಂಭೀರವಾದುದು, ‘ಇದೂ ಹಳೆಯ ಗಂಟೇ’ ಎಂದು ರೋಗಿಯೂ ವೈದ್ಯರೂ ಭಾವಿಸಿ ನಿಜವಾದ ಕ್ಯಾನ್ಸರ್ ಕಣ್ತಪ್ಪುವುದು. ಈ ಕಾಯಿಲೆಯುಳ್ಳ 50 ವರ್ಷದೊಳಗಿನ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಸಾಧ್ಯತೆ ಇತರರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಎಂಬುದನ್ನು ನೆನೆದರೆ ಈ ಮೈಮರೆವಿನ ಬೆಲೆ ಅರ್ಥವಾಗುತ್ತದೆ. ಅಮೆರಿಕದ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟವಾದ ಎನ್‌ಸಿಸಿಎನ್ ಇವರಿಗೆ 30ನೇ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಶಿಫಾರಸು ಮಾಡಿದೆ. 30ರಿಂದ 50ರವರೆಗೆ ಎಂಆರ್‌ಐಯನ್ನೂ ಪರಿಗಣಿಸಬೇಕೆಂದಿದೆ.

ನಮ್ಮಲ್ಲಿ ಸರಕಾರಿ ತಪಾಸಣಾ ಕಾರ್ಯಕ್ರಮ ನಿಂತಿರುವುದು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯ ಮೇಲೆ. 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ. ಸಾಮಾನ್ಯರಿಗೆ ಇದು ಉಪಯುಕ್ತವೇ. ಆದರೆ ಗಂಟುಗಳೇ ತುಂಬಿರುವಲ್ಲಿ ಹೊಸ ಗಂಟನ್ನು ಬೆರಳು ಗುರುತಿಸುವುದು ಕಷ್ಟ.

ಪರಿಹಾರವೇನೂ ದುಬಾರಿಯಲ್ಲ. ಮಚ್ಚೆ, ಗಂಟುಗಳಿರುವವರನ್ನು ಪ್ರಾಥಮಿಕ ಹಂತದಲ್ಲೇ ಗುರುತಿಸಿ ತಜ್ಞರಲ್ಲಿಗೆ ಕಳುಹಿಸಬೇಕು. ಮ್ಯಾಮೊಗ್ರಾಂಗೆ ಮುನ್ನ ಚರ್ಮದ ಗಂಟುಗಳ ಮೇಲೆ ಎಕ್ಸ್‌ರೇಯಲ್ಲಿ ಕಾಣುವ ಪುಟ್ಟ ಗುರುತುಗಳನ್ನು ಅಂಟಿಸಬೇಕು. ಹಿಂದಿನ ಚಿತ್ರದೊಂದಿಗೆ ಹೋಲಿಸಿ, ಗುರುತಿಗೆ ತಾಳೆಯಾಗದ ಆಕೃತಿಯನ್ನು ಅಲ್ಟ್ರಾಸೌಂಡ್‌ನಿಂದ ಪರಿಶೀಲಿಸಬೇಕು. ಮಹಿಳೆಯರೂ ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ಪ್ರತಿ ಪರೀಕ್ಷೆಗೂ ಒಯ್ಯುವುದು ಒಳಿತು.

ಈ ಮಹಿಳೆಯರಿಗೆ ‘ಗಂಟು ಕಂಡರೆ ಬನ್ನಿ’ ಎಂಬ ಘೋಷಣೆ ಸಾಲದು. ಗಂಟುಗಳಿವೆ ಎಂಬ ಕಾರಣಕ್ಕೇ ಅವರನ್ನು ಬೇಗ ಕರೆಯುವ ವ್ಯವಸ್ಥೆ ಬೇಕು.