ಆಯುಷ್ಯದ ಲೆಕ್ಕಪುಸ್ತಕ

ವಿಮಾ ಏಜೆಂಟರು ಮನೆಗೆ ಬಂದರೆ ಮೊದಲು ಕೇಳುವುದು ವಯಸ್ಸನ್ನು. ಮೂವತ್ತರ ಮಗನಿಗೆ ಒಂದು ಕಂತು, ಐವತ್ತರ ತಂದೆಗೆ ಅದರ ಹಲವು ಪಟ್ಟು ಕಂತು. ಸತ್ತರೆ ಸಿಗುವ ಹಣ ಮಾತ್ರ ಇಬ್ಬರಿಗೂ ಒಂದೇ. ಯಾರ ಆಯುಸ್ಸು ಎಷ್ಟೆಂಬುದು ಬರೆದವನಿಗೇ ಗೊತ್ತು ಎನ್ನುವ ನಮ್ಮ ಜನರ ನಡುವೆ ಈ ಕಂತನ್ನು ಗೊತ್ತುಮಾಡುವವರು ಯಾರು? ಜಾತಕ ನೋಡುವವರಂತೂ ಅಲ್ಲ. ಈ ಕೆಲಸ ಮಾಡುವುದು ‘ಮರಣ ಕೋಷ್ಟಕ’ ಎಂಬ ಅಂಕಿಗಳ ಪಟ್ಟಿ.

ಈ ಪಟ್ಟಿಯಲ್ಲಿ ಒಂದು ಕಡೆ ವಯಸ್ಸು ಇರುತ್ತದೆ. ಅದರ ಎದುರಿಗೆ, ಆ ವಯಸ್ಸಿನವರಲ್ಲಿ ಮುಂದಿನ ಹುಟ್ಟುಹಬ್ಬದೊಳಗೆ ಸಾಯುವವರ ಪ್ರಮಾಣ ಎಷ್ಟು ಎಂಬುದು. ಯಾರು ಸಾಯುತ್ತಾರೆ ಎಂದು ಅದು ಎಂದೂ ಹೇಳುವುದಿಲ್ಲ. ಎಷ್ಟು ಮಂದಿ ಎಂದಷ್ಟೇ ಹೇಳುತ್ತದೆ. ಒಬ್ಬನ ಸಾವು ಯಾರ ಲೆಕ್ಕಕ್ಕೂ ಸಿಗದು. ಲಕ್ಷ ಜನರ ಸಾವು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯುತ್ತದೆ. ಜೀವವಿಮೆ ನಿಂತಿರುವುದು ಈ ಒಂದು ಸತ್ಯದ ಮೇಲೆ.

ಬಟ್ಟೆ ವ್ಯಾಪಾರಿಯ ಕುತೂಹಲ

ಈ ಸತ್ಯವನ್ನು ಮೊದಲು ಹುಡುಕಿ ತೆಗೆದವನು ಗಣಿತದ ಪಂಡಿತನಲ್ಲ, ಲಂಡನ್ನಿನ ಬಟ್ಟೆಬರೆಯ ವ್ಯಾಪಾರಿ ಜಾನ್ ಗ್ರಾಂಟ್. ಪ್ಲೇಗಿನ ಭಯದಿಂದ ಆ ನಗರದಲ್ಲಿ ವಾರ ವಾರ ಸತ್ತವರ ಪಟ್ಟಿ ಅಚ್ಚಾಗುತ್ತಿತ್ತು. ಜನ ಅದನ್ನು ಓದಿ, ನಾಲ್ಕು ಮಾತಾಡಿ ಮರೆಯುತ್ತಿದ್ದರು. ಗ್ರಾಂಟ್ ಹಳೆಯ ಪಟ್ಟಿಗಳನ್ನೆಲ್ಲ ಕೂಡಿಹಾಕಿ 1662ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಹುಟ್ಟಿದ ನೂರು ಮಕ್ಕಳಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತವೆ, ಹದಿನಾರು ತಲುಪುವವರು 40 ಮಂದಿ, ಎಪ್ಪತ್ತಾರರಲ್ಲಿ ಉಳಿಯುವುದು ಒಬ್ಬನೇ ಎಂಬ ಅಂದಾಜು ಅದರಲ್ಲಿತ್ತು. ಸತ್ತವರ ವಯಸ್ಸನ್ನು ಆಗ ಯಾರೂ ಬರೆದಿಡುತ್ತಿರಲಿಲ್ಲವಾದ್ದರಿಂದ ಇದರಲ್ಲಿ ಊಹೆಯೇ ಹೆಚ್ಚು.

ಕೊರತೆ ತುಂಬಿದವನು ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ. ಈಗ ಪೋಲೆಂಡಿನಲ್ಲಿರುವ ಬ್ರೆಸ್ಲಾ ನಗರದಲ್ಲಿ ಕ್ಯಾಸ್ಪರ್ ನ್ಯೂಮನ್ ಎಂಬ ಪಾದ್ರಿ ಹುಟ್ಟು, ಸಾವುಗಳನ್ನು ವಯಸ್ಸಿನ ಸಮೇತ ಬರೆದಿಟ್ಟಿದ್ದ. ಆ ಅಂಕಿಗಳಿಂದ ಹ್ಯಾಲಿ 1693ರಲ್ಲಿ ಕೋಷ್ಟಕ ಕಟ್ಟಿದ. ಇಪ್ಪತ್ತು ವರ್ಷದವನು ವರ್ಷದೊಳಗೆ ಸಾಯುವ ಸಂಭವ ನೂರಕ್ಕೆ ಒಂದರಂತೆ, ಐವತ್ತು ವರ್ಷದವನದು 38ಕ್ಕೆ ಒಂದರಂತೆ ಎಂದು ತೋರಿಸಿ, ವಿಮೆಯ ದರ ವಯಸ್ಸಿಗೆ ತಕ್ಕಂತೆ ಇರಬೇಕೆಂದ. ಆಗ ಇಂಗ್ಲೆಂಡಿನ ಸರ್ಕಾರ ವಯಸ್ಸನ್ನೇ ನೋಡದೆ ಎಲ್ಲರಿಗೂ ಒಂದೇ ಬೆಲೆಗೆ ವರ್ಷಾಶನ ಮಾರುತ್ತಿತ್ತು! ಹ್ಯಾಲಿಯ ಮಾತು ಆಚರಣೆಗೆ ಬರಲು ಎಷ್ಟೋ ದಶಕಗಳು ಬೇಕಾದವು. 1762ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಎಕ್ವಿಟಬಲ್’ ಸಂಸ್ಥೆ ಗಣಿತಜ್ಞ ಜೇಮ್ಸ್ ಡಾಡ್ಸನ್ ಹಾಕಿಕೊಟ್ಟ ದಾರಿಯಲ್ಲಿ ವಯಸ್ಸಿಗೆ ತಕ್ಕ ಕಂತನ್ನು ಜಾರಿಗೆ ತಂದಿತು.

ತಪ್ಪು ಕೋಷ್ಟಕದ ಬೆಲೆ

ಕೋಷ್ಟಕ ತಪ್ಪಾದರೆ ಏನಾಗುತ್ತದೆ? ಇದಕ್ಕೆ ನಾರ್ಥಾಂಪ್ಟನ್ ಪಟ್ಟಣದ ಕೋಷ್ಟಕ ಒಳ್ಳೆಯ ಪಾಠ. ಹದಿನೆಂಟನೆಯ ಶತಮಾನದಲ್ಲಿ ರಿಚರ್ಡ್ ಪ್ರೈಸ್ ಇದನ್ನು ಸಿದ್ಧಪಡಿಸಿದ. ಅದರಲ್ಲಿ ಸಾವಿನ ಪ್ರಮಾಣ ನಿಜಕ್ಕಿಂತ ಹೆಚ್ಚಾಗಿತ್ತು. ಇದನ್ನು ಬಳಸಿದ ವಿಮಾ ಸಂಸ್ಥೆಗೆ ಲಾಭವೋ ಲಾಭ. ಜನ ಬೇಗ ಸಾಯುತ್ತಾರೆಂದು ಹೆಚ್ಚು ಕಂತು ಪಡೆದಿತ್ತು, ಆದರೆ ಅವರು ಬದುಕಿಕೊಂಡರು. ಅದೇ ಕೋಷ್ಟಕವನ್ನು ನಂಬಿ 1808ರಿಂದ ವರ್ಷಾಶನ ಮಾರಿದ ಬ್ರಿಟಿಷ್ ಸರ್ಕಾರಕ್ಕೆ ದೊಡ್ಡ ನಷ್ಟವಾಯಿತು. ಬೇಗ ಸಾಯಬೇಕಿದ್ದವರು ವರ್ಷ ವರ್ಷವೂ ಬಂದು ಹಣ ಎಣಿಸಿಕೊಂಡು ಹೋದರು. ಜಾನ್ ಫಿನ್ಲೇಸನ್ ಎಂಬ ಅಧಿಕಾರಿ ಲೆಕ್ಕ ಹಾಕಿ ತೋರಿಸಿದ ಮೇಲೆಯೇ ಸರ್ಕಾರ ಎಚ್ಚೆತ್ತದ್ದು.

ಪಾಠ ಇಷ್ಟು: ಸಾವಿಗೆ ಹಣ ಕೊಡುವ ವಿಮೆಗೂ ಬದುಕಿರುವವರೆಗೆ ಹಣ ಕೊಡುವ ಪಿಂಚಣಿಗೂ ಒಂದೇ ಕೋಷ್ಟಕ ಹೊಂದದು. ಇಂದಿಗೂ ಇವೆರಡಕ್ಕೆ ಬೇರೆ ಬೇರೆ ಕೋಷ್ಟಕಗಳಿವೆ.

ನಮ್ಮ ದೇಶದ ಕಥೆ

ಭಾರತದಲ್ಲಿ ಜೀವವಿಮೆ ಶುರುವಾದದ್ದು 1818ರಲ್ಲಿ, ಕಲ್ಕತ್ತದ ಓರಿಯಂಟಲ್ ಕಂಪನಿಯಿಂದ. ಆದರೆ ಅಂದಿನ ಯುರೋಪಿಯನ್ ಕಂಪನಿಗಳಿಗೆ ಭಾರತೀಯರ ಜೀವವೆಂದರೆ ಅಷ್ಟಕ್ಕಷ್ಟೆ. ವಿಮೆ ಕೊಟ್ಟರೂ ಹೆಚ್ಚುವರಿ ಕಂತು ತೆರಬೇಕಿತ್ತು. ಭಾರತೀಯರಿಗೂ ಮಾಮೂಲಿ ದರದಲ್ಲೇ ವಿಮೆ ಎಂದು ಮುಂದೆ ಬಂದದ್ದು 1870ರಲ್ಲಿ ಸ್ಥಾಪನೆಯಾದ ಬಾಂಬೆ ಮ್ಯೂಚುಯಲ್. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗಾಗಿ ವಿಮಾ ಯೋಜನೆ ಆರಂಭಿಸಿತು. ಸರ್ಕಾರಿ ಶಾಲೆಯ ಮೇಷ್ಟರ ಸಂಬಳದಲ್ಲಿ ಇಂದಿಗೂ ಕಡಿತವಾಗುವ ‘ಕೆ.ಜಿ.ಐ.ಡಿ.’ ಅದರ ಮುಂದುವರಿದ ರೂಪ.

1956ರಲ್ಲಿ 245 ಸಂಸ್ಥೆಗಳು ಒಂದುಗೂಡಿ ಭಾರತೀಯ ಜೀವ ವಿಮಾ ನಿಗಮವಾಯಿತು. ಓರಿಯಂಟಲ್ ಹೆಸರಿನದೇ ಬೇರೊಂದು ಕಂಪನಿಯ 1925–35ರ ಅನುಭವದ ಮೇಲೆ ಕಟ್ಟಿದ ಕೋಷ್ಟಕವೇ ಮೊದಲಿಗೆ ನಿಗಮಕ್ಕೆ ಆಧಾರ. ಆಮೇಲೆ ನಿಗಮ ತನ್ನದೇ ಪಾಲಿಸಿದಾರರ ಅಂಕಿಗಳಿಂದ 1970–73, 1975–79, 1994–96ರ ಕೋಷ್ಟಕಗಳನ್ನು ರೂಪಿಸಿತು. ಖಾಸಗಿ ಕಂಪನಿಗಳು ಬಂದ ಮೇಲೆ ಎಲ್ಲರ ಅನುಭವವನ್ನೂ ಸೇರಿಸಿ 2006–08ರ ಕೋಷ್ಟಕ, ನಂತರ 2012–14ರ ಕೋಷ್ಟಕ ಬಂದವು. ಕೊನೆಯದು 2019ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇವು ವಿಮೆ ಮಾಡಿಸಿದವರ ಕೋಷ್ಟಕಗಳು. ವೈದ್ಯಕೀಯ ತಪಾಸಣೆ ದಾಟಿ ಬಂದವರ, ಕಂತು ಕಟ್ಟುವ ಶಕ್ತಿಯಿದ್ದವರ ಅಂಕಿಗಳು. ಇಡೀ ದೇಶದ ಜನರ ಆಯುಷ್ಯದ ಲೆಕ್ಕ ಬೇರೆ. ಅದನ್ನು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಪ್ರಕಟಿಸುತ್ತದೆ.

ಲೆಕ್ಕ ಮಾಡಿ ನೋಡಿ

ವಿದ್ಯಾರ್ಥಿಗಳು ಇಲ್ಲಿ ಪೆನ್ಸಿಲ್ ಹಿಡಿಯಬಹುದು. 2012–14ರ ಕೋಷ್ಟಕದಂತೆ ಮೂವತ್ತು ವರ್ಷದ ಒಂದು ಲಕ್ಷ ಜನರಲ್ಲಿ ವರ್ಷದೊಳಗೆ ಸಾಯುವವರು ಸುಮಾರು 98. ನಲವತ್ತರಲ್ಲಿ 168, ಐವತ್ತರಲ್ಲಿ 444. ಮೂವತ್ತರ ಲಕ್ಷ ಮಂದಿ ಒಂದು ವರ್ಷಕ್ಕೆ ತಲಾ 10 ಲಕ್ಷ ರೂಪಾಯಿ ವಿಮೆ ಮಾಡಿಸಿದರೆನ್ನಿ. 98 ಕುಟುಂಬಗಳಿಗೆ ಕೊಡಬೇಕಾದದ್ದು 9 ಕೋಟಿ 80 ಲಕ್ಷ. ಎಲ್ಲರಿಗೂ ಹಂಚಿದರೆ ತಲಾ 980 ರೂಪಾಯಿ. ಐವತ್ತರವರಿಗೆ ಇದೇ ಲೆಕ್ಕದಲ್ಲಿ ತಲಾ 4,440 ರೂಪಾಯಿ. ಇದಕ್ಕೆ ಕಚೇರಿ ಖರ್ಚು, ಕಮಿಷನ್ ಸೇರಿಸಿ, ಬರುವ ಬಡ್ಡಿ ಕಳೆದರೆ ಕಂತು ಸಿದ್ಧ.

ಆದರೆ ವಯಸ್ಸಾದಂತೆ ಕಂತು ಏರುತ್ತ ಹೋದರೆ ಕಟ್ಟುವವರಾರು? ಅದಕ್ಕೇ ಇಡೀ ಅವಧಿಗೆ ಒಂದೇ ಸಮನಾದ ಕಂತು. ಮೊದಲ ವರ್ಷಗಳಲ್ಲಿ ಪಾಲಿಸಿದಾರ ಆ ವರ್ಷದ ಲೆಕ್ಕಕ್ಕಿಂತ ಹೆಚ್ಚು ಕಟ್ಟುತ್ತಾನೆ. ಉಳಿಕೆ ಅವನ ಇಳಿವಯಸ್ಸಿನ ಖರ್ಚಿಗೆ. ಈ ಉಳಿಕೆ ಕಂಪನಿಯ ಲಾಭವಲ್ಲ, ಪಾಲಿಸಿದಾರರು ಇಟ್ಟ ನಿಕ್ಷೇಪ.

ಕಾವಲುಗಾರನ ಕೆಲಸ

ಕಾನೂನು ನಡುವೆ ಬರುವುದು ಇಲ್ಲಿಯೇ. ಕಿರಾಣಿ ಅಂಗಡಿಯವನು ತೂಕದಲ್ಲಿ ಮೋಸಮಾಡಿದರೆ ಮನೆಗೆ ಬಂದೊಡನೆ ತಿಳಿಯುತ್ತದೆ. ವಿಮಾ ಕಂಪನಿಯ ಲೆಕ್ಕ ತಪ್ಪಿದ್ದು ಮೂವತ್ತು ವರ್ಷಗಳ ಮೇಲೆ, ಮನೆಯ ದುಡಿಯುವ ಕೈ ಹೋದಾಗ ತಿಳಿದರೆ ಏನು ಪ್ರಯೋಜನ? ಗಿರಾಕಿಗಳನ್ನು ಸೆಳೆಯಲು ‘ನಮ್ಮವರು ಸಾಯುವುದೇ ಕಡಿಮೆ’ ಎಂದು ಭಾವಿಸಿ ಅಗ್ಗದ ಕಂತು ಇಟ್ಟ ಕಂಪನಿ, ಇಂದಿನ ಮೆಚ್ಚುಗೆಗಾಗಿ ನಾಳಿನ ವಿಧವೆಯ ಹಣವನ್ನು ಖರ್ಚು ಮಾಡಿದಂತೆ.

ಆದ್ದರಿಂದ ಪ್ರತಿ ಜೀವವಿಮಾ ಕಂಪನಿಯೂ ಒಬ್ಬ ಆಕ್ಚುಯರಿಯನ್ನು, ಎಂದರೆ ವಿಮಾಗಣಿತಜ್ಞರನ್ನು ನೇಮಿಸಿಕೊಂಡಿರಲೇಬೇಕು. ಮುಂದೆ ಕೊಡಬೇಕಾದ ಹಣಕ್ಕೆ ಈಗ ಎಷ್ಟು ತೆಗೆದಿರಿಸಬೇಕೆಂಬುದನ್ನು ಅವರು ಪ್ರಕಟಿತ ಕೋಷ್ಟಕವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ತಮ್ಮ ಕಂಪನಿಯ ಅನುಭವ ಬೇರೆಯಾಗಿದ್ದರೆ ಅದಕ್ಕೆ ತಕ್ಕ ಆಧಾರ ತೋರಿಸಬೇಕು. ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಪರಿಶೀಲಿಸುತ್ತದೆ. ಅಲ್ಲದೆ, ಕಾನೂನು ಹೇಳಿದ ಕನಿಷ್ಠ ಭದ್ರತಾ ಹಣದ ಒಂದೂವರೆ ಪಟ್ಟನ್ನು ಕಂಪನಿ ಕೈಯಲ್ಲಿಟ್ಟುಕೊಂಡಿರಬೇಕು. ಕೋಷ್ಟಕ ಸಾಮಾನ್ಯ ಕಾಲದ ಮಾತು. ಮಹಾಮಾರಿ ಕೋಷ್ಟಕ ನೋಡಿಕೊಂಡು ಬರುವುದಿಲ್ಲ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಈ ಹೆಚ್ಚುವರಿ ಹಣ ಏಕೆ ಬೇಕೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಪಾಲಕರ ಪಾತ್ರವೂ ಇದರಲ್ಲಿದೆ. ಬೀಡಿ ಸಿಗರೇಟಿನ ಚಟ, ಸಕ್ಕರೆ ಕಾಯಿಲೆ, ಆಗಿಹೋದ ಆಪರೇಷನ್ ಇವನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕೋಷ್ಟಕದ ಲೆಕ್ಕ ಕೆಡುತ್ತದೆ. 2015ರ ತಿದ್ದುಪಡಿಯ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಅದಕ್ಕೆ ಮೊದಲೇ ಸಾವು ಸಂಭವಿಸಿದರೆ ಮುಚ್ಚಿಟ್ಟ ಒಂದು ಮಾತು ಮನೆಯವರಿಗೆ ಮುಳುವಾಗಬಹುದು. ಏಜೆಂಟರು ತಾವೇ ತುಂಬಿಕೊಳ್ಳುತ್ತೇನೆಂದರೂ ಅರ್ಜಿಯನ್ನು ಓದಿಯೇ ಸಹಿ ಹಾಕುವುದು ಕ್ಷೇಮ.

ಇನ್ನು ಗಣಿತದಲ್ಲಿ ಒಲವುಳ್ಳ ಮಕ್ಕಳು ಗಮನಿಸಬೇಕಾದ ಸಂಗತಿ: ಪಿ.ಯು.ಸಿ. ಮುಗಿಸಿದವರು ಭಾರತೀಯ ಆಕ್ಚುಯರಿಗಳ ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆದು ಈ ವೃತ್ತಿಯ ಓದಿಗೆ ಸೇರಬಹುದು. ಪರೀಕ್ಷೆಗಳು ಹಲವು, ತಾಳ್ಮೆ ಬೇಕು. ಆದರೆ ‘ಸಂಭವನೀಯತೆ ಕಲಿತು ಏನು ಮಾಡುವುದು?’ ಎಂದು ತರಗತಿಯಲ್ಲಿ ಕೇಳುವವರಿಗೆ ಉತ್ತರ ಇಲ್ಲಿದೆ. ಗ್ರಾಂಟನ ಕಾಲದಲ್ಲಿ ನೂರರಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು ಎಂಬುದು ನಮಗೆ ತಿಳಿದಿರುವುದು ಒಬ್ಬ ವ್ಯಾಪಾರಿ ಎಣಿಸಿದ್ದರಿಂದ. ಎಣಿಸಿದ ಮೇಲೆಯೇ ಯಾವ ಸಾವನ್ನು ತಡೆಯಬಹುದು, ಯಾರ ಮನೆಗೆ ಆಸರೆ ಬೇಕು ಎಂಬ ಪ್ರಶ್ನೆಗಳು ಹುಟ್ಟುವುದು.